ಬಡಾವಣೆಗಳ ನಡುವಿನ ಹಳ್ಳಿಗಳು

ಬೆಂಗಳೂರಿನ ದಕ್ಷಿಣಭಾಗದಲ್ಲಿ ಯಾವ ಗೃಹಸ್ಥನ ಮನೆಯನ್ನಾದರೂ ನೋಡಿರಿ, ಬೆಳಗಿನ ಏಳು ಗಂಟೆಯಾಗುವಷ್ಟರಲ್ಲಿ ನಾಲ್ಕೈದು ಮಂದಿ ಹೊರಗಿನವರ ದುಡಿಮೆ ಅದರೊಳಕ್ಕೆ ಸೇರಿಹೋಗಿರುತ್ತದೆ. ಹಾಲು ಹಾಕಿಹೋದವನು, ಪತ್ರಿಕೆ ಎಸೆದುಹೋದ ಹುಡುಗ, ಬೀದಿ ಗುಡಿಸಿದ ಪೌರಕಾರ್ಮಿಕ ಹೆಂಗಸು, ಬಾಗಿಲಿಗೆ ನೀರು ಹಾಕಿ ರಂಗವಲ್ಲಿಯಿಟ್ಟು ಪಾತ್ರೆ ತಿಕ್ಕಲು ಕುಳಿತವಳು, ತಳ್ಳುಗಾಡಿಯಲ್ಲಿ ಸೊಪ್ಪು ತಂದು ಕೂಗಿದವಳು. ಇವರ ಹೆಸರು ನಮಗೆ ಗೊತ್ತು, ಸಂಬಳ ಗೊತ್ತು, ತಿಂಗಳಲ್ಲಿ ಎಷ್ಟು ದಿನ ತಪ್ಪಿಸಿದರೆಂಬುದಂತೂ ಬಹಳ ಚೆನ್ನಾಗಿ ಗೊತ್ತು. ಇವರು ರಾತ್ರಿ ಎಲ್ಲಿ ಮಲಗಿದ್ದು ಬೆಳಗ್ಗೆ ಎಲ್ಲಿಂದ ಎದ್ದು ಬಂದರೆಂಬುದು ಮಾತ್ರ ಬಹುಮಂದಿಗೆ ತಿಳಿಯದು.

ಹಿಂದೆ ಕೇಳಿದ್ದರೆ "ಇಲ್ಲೇ ಹಿಂದಲ ಬೀದಿ, ಅಮ್ಮಾವ್ರೇ" ಎಂಬ ಉತ್ತರ ಬರುತ್ತಿತ್ತು. ಈಗ ಬರುವ ಉತ್ತರಗಳು ಬೇರೆ: ಗೊಟ್ಟಿಗೆರೆಯ ಆಚೆ, ಬೇಗೂರಿನ ಕಡೆ, ಅಂಜನಾಪುರ ದಾಟಿ. ಈ ವ್ಯತ್ಯಾಸ ಒಂದು ದಿನದಲ್ಲಾದುದಲ್ಲ. ಬಹುಮಟ್ಟಿಗೆ ಗಲಾಟೆಯಿಂದಾದುದೂ ಅಲ್ಲ. ಅದು ಹೇಗಾಯಿತೆಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕೆಂದಿದ್ದೇನೆ. ವಿಚಾರ ಗೃಹಸ್ಥರ ಮನೆಯ ಹಿತ್ತಲಿಗೇ ಬಂದು ನಿಲ್ಲುವುದಾದ್ದರಿಂದ ವಾಚಕರು ಸ್ವಲ್ಪ ತಾಳ್ಮೆಯಿಂದ ಓದಬೇಕು.

ಜಯನಗರಕ್ಕೆ ಅಸ್ತಿಭಾರ ಬಿದ್ದುದು ೧೯೪೮ರಲ್ಲಿ. ಅದನ್ನು ಇಟ್ಟವರು ಆಗ ಗವರ್ನರ್ ಜನರಲ್ ಆಗಿದ್ದ ಶ್ರೀ ಚಕ್ರವರ್ತಿ ರಾಜಗೋಪಾಲಾಚಾರ್ಯರು. ಅದಕ್ಕೆ ಮೂರು ವರ್ಷ ಮೊದಲು, ೧೯೪೫ರಲ್ಲಿ, ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಹುಟ್ಟಿತ್ತು. ಅದೇ ೧೯೭೬ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವಾಯಿತು. ೧೯೪೧ರ ಜನಗಣತಿಯಲ್ಲಿ ನಾಲ್ಕು ಲಕ್ಷದಷ್ಟಿದ್ದ ಊರಿನ ಜನಸಂಖ್ಯೆ ೧೯೫೧ರ ಹೊತ್ತಿಗೆ ಎಂಟು ಲಕ್ಷದ ಸಮೀಪಕ್ಕೆ ಬಂದಿತ್ತು. ಇಷ್ಟು ಜನಕ್ಕೆ ಮನೆ ಬೇಕಾದರೆ ಹೊಲಗದ್ದೆಗಳನ್ನು ಕೊಳ್ಳದೆ ವಿಧಿಯಿರಲಿಲ್ಲ. ಕೊಂಡರು, ಅಗಲವಾದ ರಸ್ತೆ ಹಾಕಿದರು, ಸಾಲುಮರ ನೆಟ್ಟರು, ನಲವತ್ತಕ್ಕೆ ಅರವತ್ತು, ಮೂವತ್ತಕ್ಕೆ ನಲವತ್ತು ಅಡಿಗಳ ನಿವೇಶನಗಳನ್ನು ಅಳೆದು ಹಂಚಿದರು. ಜಯನಗರದ ಅನಂತರ ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳು ಒಂದರ ಹಿಂದೊಂದು ಬಂದುವು.

ಆದರೆ ಹೊಲವನ್ನು ಕೊಳ್ಳುವಾಗ ಊರನ್ನು ಬಿಡುತ್ತಿದ್ದರು. ಜನ ಮನೆ ಕಟ್ಟಿಕೊಂಡು ವಾಸವಾಗಿದ್ದ ನೆಲಕ್ಕೆ, ಕಂದಾಯದ ಭಾಷೆಯಲ್ಲಿ ಗ್ರಾಮಠಾಣೆಯೆನ್ನುವ ಜಾಗಕ್ಕೆ, ನಕ್ಷೆಯ ಗೆರೆ ಸಾಮಾನ್ಯವಾಗಿ ಹೋಗುತ್ತಿರಲಿಲ್ಲ. ಆದುದರಿಂದಲೇ ಇಂದಿಗೂ ಈ ಬಡಾವಣೆಗಳಲ್ಲಿ ನಡೆಯುತ್ತ ಹೋದರೆ, ನೂಲು ಹಿಡಿದು ಎಳೆದಂತಿರುವ ರಸ್ತೆ ಇದ್ದಕ್ಕಿದ್ದಂತೆ ಸೊಟ್ಟಗಾಗಿ, ಎರಡು ಗಾಡಿ ಎದುರಾದರೆ ಒಂದು ಹಿಂದೆ ಸರಿಯಬೇಕಾದ ಗಲ್ಲಿಯಾಗುತ್ತದೆ. ಮೂಲೆಯಲ್ಲಿ ಒಂದು ಅರಳಿಕಟ್ಟೆ, ಪಕ್ಕದಲ್ಲಿ ಗ್ರಾಮದೇವತೆಯ ಗುಡಿ. ಅದು ಬೈರಸಂದ್ರ, ಅದು ಯಡಿಯೂರು, ಸಾರಕ್ಕಿ, ಮಾರೇನಹಳ್ಳಿ, ಕತ್ತರಿಗುಪ್ಪೆ. ಬಿ.ಟಿ.ಎಂ. ಎಂಬ ಮೂರಕ್ಷರಗಳಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳೇ ಮುದುರಿ ಕುಳಿತಿರುವುವೆಂಬುದು ಅಲ್ಲಿ ವಾಸಮಾಡುವ ಹೊಸಬರಲ್ಲಿ ಎಷ್ಟು ಮಂದಿಗೆ ತಿಳಿದಿದೆಯೋ ಕಾಣೆ.

ಹೊಲ ಹೋದ ಮೇಲೆ ಹಳ್ಳಿಗರಿಗೆ ಉಳಿದುದು ಮನೆಯ ನೆಲ. ಪರಿಹಾರದ ಹಣ ಮದುವೆಗೂ ಸಾಲಕ್ಕೂ ಕರಗಿತು. ಬುದ್ಧಿವಂತರು ದನದ ಕೊಟ್ಟಿಗೆಯನ್ನು ಕಿತ್ತು, ಹಿತ್ತಲಲ್ಲಿ ಸಾಲಾಗಿ ಕೋಣೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟರು. ಹೀಗೆ ಹಳೆಯ ವಠಾರದ ಪದ್ಧತಿ ಬಡಾವಣೆಗಳ ನಡುವೆಯೂ ಬೆಳೆಯಿತು: ಎಂಟೋ ಹತ್ತೋ ಕೋಣೆಗಳು, ನಡುವೆ ಒಂದು ಅಂಗಳ, ಒಂದು ನಲ್ಲಿ, ಎರಡು ಕಕ್ಕಸು. ವಠಾರವನ್ನು ಈಗಿನವರು ಬಹಳ ಚೆಲುವಾಗಿ ನೆನೆಯುತ್ತಾರೆ. ಅಲ್ಲಿದ್ದವರು ಅಷ್ಟು ಚೆಲುವಾಗಿ ನೆನೆಯಲಾರರು. ನಲ್ಲಿಯ ಮುಂದಣ ಜಗಳ, ಸೋರುವ ಮಾಡು, ಒಂದೇ ಕೋಣೆಯಲ್ಲಿ ಬಾಣಂತಿಯೂ ಕೆಮ್ಮುವ ಮುದುಕರೂ ಇರಬೇಕಾದ ಕಷ್ಟ, ಇವೆಲ್ಲ ಅವರಿಗೆ ಗೊತ್ತು. ಆದರೆ ಅದಕ್ಕೆ ಒಂದು ಗುಣವಿತ್ತು. ಬಾಡಿಗೆ ಕೈಗೆಟುಕುವಂತಿತ್ತು, ಕೆಲಸ ಕಾಲ್ನಡಿಗೆಯ ದೂರದಲ್ಲಿತ್ತು. ಗಾರೆಯವನು, ಬಣ್ಣ ಬಳಿಯುವವನು, ಇಸ್ತ್ರಿಯವನು, ಹೋಟೆಲಿನ ಮಾಣಿ, ಮನೆಯಲ್ಲೇ ಕುಳಿತು ಊದುಬತ್ತಿ ಹೊಸೆಯುವ ಹೆಂಗಸು, ಎಲ್ಲರೂ ಇಲ್ಲಿ ಹಿಡಿಸಿದರು. ಬಡಾವಣೆಯ ನಕ್ಷೆಯನ್ನು ಬರೆದವರು ಉದ್ಯಾನಕ್ಕೆ, ಶಾಲೆಗೆ, ಅಂಗಡಿಗೆ ಜಾಗ ಗುರುತು ಮಾಡಿದ್ದರು. ಬಡಾವಣೆಯ ಪಾತ್ರೆ ತೊಳೆಯುವವರಿಗೆ ಮಾಡಿದ ಗುರುತು ಅತ್ಯಲ್ಪ. ಆ ಕೊರತೆಯನ್ನು ಯಾರಿಗೂ ಹೇಳದೆ ತುಂಬಿದುವು ಈ ಹಳ್ಳಿಗಳು.

ಇನ್ನೊಂದು ಆಸರೆಯೂ ಇತ್ತು. ಜಯನಗರದ ಹಳೆಯ ಮನೆಗಳ ಹಿಂದೆ ಔಟ್‌ಹೌಸು ಎಂಬ ಒಂದು ಕೋಣೆ, ಒಂದು ಪುಟ್ಟ ಅಡಿಗೆಮನೆ ಇರುತ್ತಿತ್ತು. ಒಂದು ಬಡಸಂಸಾರ ಅಲ್ಲಿದ್ದುಕೊಂಡು, ಸ್ವಲ್ಪ ಬಾಡಿಗೆ ಕೊಟ್ಟೋ, ಬಾಡಿಗೆಗೆ ಬದಲಾಗಿ ಮನೆಗೆಲಸ ಮಾಡಿಯೋ ದಿನ ಕಳೆಯುತ್ತಿತ್ತು.

ಹತ್ತಿರವಿರುವುದರ ಬೆಲೆಯೇನೆಂಬುದನ್ನು ಒಂದು ಲೆಕ್ಕದಿಂದ ನೋಡೋಣ. ಒಬ್ಬಾಕೆ ನಾಲ್ಕು ಮನೆಗಳಲ್ಲಿ, ಮನೆಗೊಂದು ಗಂಟೆಯಂತೆ ದುಡಿಯುತ್ತಾಳೆಂದಿಟ್ಟುಕೊಳ್ಳಿರಿ. ಬೈರಸಂದ್ರದ ಕೋಣೆಯಲ್ಲಿದ್ದಾಗ ಎರಡು ಮನೆಯ ಕೆಲಸ ಮುಗಿಸಿ, ನಡುವೆ ಓಡಿಹೋಗಿ ಮಗಳಿಗೆ ಜಡೆ ಹೆಣೆದು ಶಾಲೆಗೆ ಬಿಟ್ಟು, ಮೂರನೆಯ ಮನೆಗೆ ಬರಬಲ್ಲಳು. ಆಕೆಯೇ ಹತ್ತು ಹನ್ನೆರಡು ಮೈಲಿಯಾಚೆಗೆ ಹೋದರೆ, ಬಸ್ಸಿಗೆ ಕಾಯುವುದೂ ಸೇರಿ ಹೋಗಲೊಂದು ಗಂಟೆಗೂ ಮೇಲೆ, ಬರಲೊಂದು ಗಂಟೆಗೂ ಮೇಲೆ. ಹಾಗಾದರೆ ಎರಡು ಮನೆಯ ದುಡಿಮೆಯ ಹೊತ್ತು ದಾರಿಯಲ್ಲೇ ಕಳೆಯಿತು. ೨೦೨೩ರ ಜೂನ್ ತಿಂಗಳಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸಿನ ಚೀಟಿಗೆ ಕಾಸು ಕೊಡಬೇಕಾದುದು ತಪ್ಪಿತು; ಅದು ದೊಡ್ಡ ಉಪಕಾರವೇ ಸರಿ. ಹೊತ್ತನ್ನು ಮಾತ್ರ ಯಾವ ಸರ್ಕಾರವೂ ಹಿಂದಕ್ಕೆ ಕೊಡಲಾರದು. ಮಗಳ ಜಡೆ ಹೆಣೆಯುವವರು ಯಾರೆಂಬುದು ಲೆಕ್ಕದಲ್ಲಿ ಬರುವುದೂ ಇಲ್ಲ.

ಬಡವರು ಊರೊಳಗಿಂದ ಹೊರಗೆ ಹೋಗುವುದು ಎರಡು ಬಗೆಯಲ್ಲಿ. ಒಂದು ಎಲ್ಲರಿಗೂ ಕಾಣುವಂಥದು. ಅದರಲ್ಲಿ ಪೊಲೀಸರು, ಬುಲ್ಡೋಜರು, ಪತ್ರಿಕೆಯಲ್ಲಿ ಚಿತ್ರ ಎಲ್ಲವೂ ಉಂಟು. ಬಿ.ಟಿ.ಎಂ. ಬಡಾವಣೆಯ ವಿಧಾನಸಭಾಕ್ಷೇತ್ರಕ್ಕೆ ಸೇರಿದ ಈಜಿಪುರದಲ್ಲಿ ೨೦೧೩ರ ಜನವರಿಯಲ್ಲಿ ನಡೆದುದು ಆ ಬಗೆಯದು. ಅಲ್ಲಿ ಆರ್ಥಿಕವಾಗಿ ಹಿಂದುಳಿದವರಿಗಾಗಿ ನಗರಪಾಲಿಕೆಯೇ ೧೯೯೦ರ ದಶಕದ ಆದಿಯಲ್ಲಿ ಸುಮಾರು ಒಂದೂವರೆ ಸಾವಿರ ಮನೆಗಳ ವಸತಿಯೊಂದನ್ನು ಕಟ್ಟಿಸಿತ್ತು. ಕಟ್ಟಿದ ಕೆಲಸ ಹೇಗಿತ್ತೆಂದರೆ, ಕೆಲವೇ ವರ್ಷಗಳಲ್ಲಿ ಕಟ್ಟಡಗಳು ಕುಸಿಯತೊಡಗಿದುವು. ಉಳಿದುವನ್ನು ಕೆಡವಿ, ಜನರನ್ನು ತಗಡಿನ ಗುಡಿಸಲುಗಳಲ್ಲಿರಿಸಿ, ಆ ಹದಿನೈದು ಎಕರೆಯಷ್ಟು ನೆಲದಲ್ಲಿ ಒಂದು ಭಾಗದಲ್ಲಿ ಬಡವರಿಗೆ ಮನೆ, ಇನ್ನೊಂದು ಭಾಗದಲ್ಲಿ ವ್ಯಾಪಾರಮಳಿಗೆ ಎಂದು ಖಾಸಗಿಯವರೊಡನೆ ಒಪ್ಪಂದವಾಯಿತು. ಸುತ್ತಲೂ ಕೋರಮಂಗಲ ಬೆಳೆದು ನೆಲದ ಬೆಲೆ ಚಿನ್ನವಾಗಿದ್ದುದನ್ನು ಜ್ಞಾಪಕದಲ್ಲಿಡಬೇಕು. ಜನವರಿಯ ಚಳಿಯಲ್ಲಿ, ಪೊಲೀಸರ ಕಾವಲಿನಲ್ಲಿ, ಕೆಲವೇ ದಿನಗಳೊಳಗೆ ಆ ಗುಡಿಸಲುಗಳೂ ನೆಲಸಮವಾದುವು. ಕೆಲವರಿಗೆ ಸರ್ಜಾಪುರ ರಸ್ತೆಯ ಕಡೆಯ ಸೂಲಿಕುಂಟೆಯಲ್ಲಿ ನೆಲೆ ಸಿಕ್ಕಿತು. ಕೆಲವರು ಅಲ್ಲೇ ಬೇಲಿಯ ಬದಿಯಲ್ಲಿ ಬಹುಕಾಲ ಉಳಿದರು.

ಈಜಿಪುರದ ಕಥೆಯಲ್ಲಿ ಬಹುಮಂದಿ ಗಮನಿಸದ ಒಂದು ಸಂಗತಿಯುಂಟು. ಯಾರು ಮೊದಲಿನ ಹಂಚಿಕೆಯವರು, ಯಾರು ಅವರಿಂದ ಬಾಡಿಗೆಗೋ ಭೋಗ್ಯಕ್ಕೋ ಪಡೆದವರು ಎಂಬ ವಿಂಗಡಣೆ ಅಲ್ಲಿ ನಡೆಯಿತು. ಕಾಗದವಿದ್ದವರಿಗೆ ಹೊಸ ಮನೆಯ ಭರವಸೆ; ಬಾಡಿಗೆಯವರಿಗೆ ಆ ಭರವಸೆ ಇಲ್ಲ. ಎಲ್ಲೆಲ್ಲಿ ಬಡವರ ಕೇರಿ ಏಳುತ್ತದೆಯೋ ಅಲ್ಲೆಲ್ಲ ಈ ಗೆರೆ ಬೀಳುತ್ತದೆ. ಕರ್ನಾಟಕದಲ್ಲಿ ಕೊಳಚೆ ಪ್ರದೇಶಗಳ ಸುಧಾರಣೆಗಾಗಿ ೧೯೭೩ರ ಕಾನೂನಿದೆ, ೧೯೭೫ರಿಂದ ಅದಕ್ಕೊಂದು ಮಂಡಳಿಯಿದೆ. ಕೊಳಚೆ ಪ್ರದೇಶವೆಂದು ಘೋಷಿತವಾದ ನೆಲದಲ್ಲಿ ಹಕ್ಕುಪತ್ರ ಪಡೆದವನಿಗೆ ಕಾಲೂರಲು ಒಂದು ಅಂಗುಲವಾದರೂ ಸಿಕ್ಕುತ್ತದೆ. ಅವನ ಕೋಣೆಯಲ್ಲಿ ಬಾಡಿಗೆಗಿರುವವನಿಗೆ ಅದೂ ಇಲ್ಲ.

ಎಲ್ಲ ಕಡೆಯೂ ಹೀಗೆಯೇ ಆಗಬೇಕೆಂದೇನೂ ಇಲ್ಲವೆನ್ನುವುದಕ್ಕೆ ಸಾಕ್ಷಿ ಜಯನಗರದ ಒಂಬತ್ತನೆಯ ಬ್ಲಾಕಿನ ಮಗ್ಗುಲಲ್ಲೇ ಇದೆ. ರಾಗಿಗುಡ್ಡದ ಆಂಜನೇಯನ ದರ್ಶನಕ್ಕೆ ಹೋಗುವವರು ಅಲ್ಲಿಯ ಕೊಳಗೇರಿಯನ್ನು ಹಿಂದೆ ಕಂಡಿರಬಹುದು. ಕೇಂದ್ರಸರ್ಕಾರ ೨೦೦೫ರಲ್ಲಿ ಆರಂಭಿಸಿದ ನಗರ ನವೀಕರಣ ಯೋಜನೆಯ ಹಣದಿಂದ ಮಂಡಳಿಯವರು ಅದೇ ನೆಲದ ಮೇಲೆಯೇ ಅಂತಸ್ತಿನ ಮನೆಗಳನ್ನು ಕಟ್ಟಿದರು. ಕಟ್ಟಡದ ಗುಣದ ವಿಷಯದಲ್ಲೂ, ನೀರು ಚರಂಡಿಗಳ ವಿಷಯದಲ್ಲೂ ದೂರುಗಳಿಲ್ಲವೆಂದು ಯಾರೂ ಹೇಳಲಾರರು. ಆದರೂ ಅಲ್ಲಿಯವರು ಬೆಳಗ್ಗೆ ನಡೆದೇ ಕೆಲಸಕ್ಕೆ ಬರುತ್ತಾರೆ.

ಹೋಗುವ ಎರಡನೆಯ ಬಗೆ ಕಾಣದಂಥದು. ೧೯೬೪ರಲ್ಲಿ ಲಂಡನ್ನಿನ ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ ಎಂಬವರು ಇಸ್ಲಿಂಗ್ಟನ್ನಿನಂಥ ಕೇರಿಗಳಲ್ಲಿ ಕೂಲಿಕಾರರಿದ್ದ ಹಳೆಯ ಮನೆಗಳು ಒಂದೊಂದಾಗಿ ಮಧ್ಯಮವರ್ಗದವರ ಕೈಸೇರುತ್ತಿದ್ದುದನ್ನು ಕಂಡು ಅದಕ್ಕೆ ಜೆಂಟ್ರಿಫಿಕೇಷನ್ ಎಂದು ಹೆಸರಿಟ್ಟರು. ಕನ್ನಡದಲ್ಲಿ ಅದಕ್ಕೆ ಸರಿಯಾದ ಒಂದೇ ಮಾತು ಇಲ್ಲ. ಕೇರಿ ಕುಲೀನವಾಗುವುದು ಎನ್ನಬಹುದೇನೋ. ಅಲ್ಲಿ ಯಾರೂ ಯಾರನ್ನೂ ಕತ್ತು ಹಿಡಿದು ನೂಕುವುದಿಲ್ಲ. ಬಾಡಿಗೆ ಏರುತ್ತದೆ, ಅಷ್ಟೆ.

ನಮ್ಮಲ್ಲಿ ಅದು ನಡೆದ ರೀತಿ ಲಂಡನ್ನಿನದಕ್ಕಿಂತ ಸ್ವಲ್ಪ ಬೇರೆ. ೧೯೯೦ರ ದಶಕದಿಂದೀಚೆಗೆ ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ಸ್ ಸಿಟಿಯೂ ಬನ್ನೇರುಘಟ್ಟ ರಸ್ತೆಯ ಕಚೇರಿಗಳೂ ಬೆಳೆದುವು. ದೂರದೂರದಿಂದ ಬಂದ ತರುಣರಿಗೆ ಹಾಸಿಗೆಯೊಂದು, ಊಟವೊಂದು ಬೇಕಾಯಿತು. ಮಡಿವಾಳ, ತಾವರೆಕೆರೆಗಳ ಗಲ್ಲಿಗಳಲ್ಲಿ ವಠಾರವಿದ್ದ ಜಾಗದಲ್ಲಿ ನಾಲ್ಕೈದು ಅಂತಸ್ತಿನ ಪಿ.ಜಿ.ಗಳೆದ್ದುವು. ಒಂದು ಸಂಸಾರವಿದ್ದ ಕೋಣೆಯಲ್ಲಿ ಮೂರು ಮಂಚ ಹಾಕಿದರೆ ಮೂವರಿಂದ ಬಾಡಿಗೆ. ಅವರಿಗೆ ಮಕ್ಕಳಿಲ್ಲ, ನೀರಿನ ಜಗಳವಿಲ್ಲ, ಬಾಕಿಯ ಮಾತಿಲ್ಲ. ಹೊಲ ಕಳೆದುಕೊಂಡ ಒಕ್ಕಲಿನ ಮೊಮ್ಮಗನೇ ಈ ಕಟ್ಟಡದ ಯಜಮಾನ. ಅವನನ್ನು ದುರಾಶೆಯವನೆಂದು ಬಯ್ಯಲು ನನಗೆ ಮನಸ್ಸಿಲ್ಲ. ಅವನ ಅಜ್ಜನ ಭೂಮಿಯ ಮೇಲೆ ನಾವು ಮನೆ ಕಟ್ಟಿಕೊಂಡು ಅದರ ಬೆಲೆ ಏರಿದುದನ್ನು ನಮ್ಮ ಭಾಗ್ಯವೆಂದು ಎಣಿಸುವಾಗ, ಅವನೊಬ್ಬನೇ ಧರ್ಮರಾಯನಾಗಿರಬೇಕೆಂಬುದು ಯಾವ ನ್ಯಾಯ?

ಮೇಲಾಗಿ ಮೆಟ್ರೋ ರೈಲು ಬಂದಿತು. ೨೦೧೭ರ ಜೂನಿನಲ್ಲಿ ಜಯನಗರ, ಬನಶಂಕರಿಗಳ ಮೂಲಕ ಯಲಚೇನಹಳ್ಳಿಗೆ. ೨೦೨೧ರಲ್ಲಿ ಅಲ್ಲಿಂದ ಮುಂದಕ್ಕೆ. ೨೦೨೫ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ರಾಗಿಗುಡ್ಡ, ಜಯದೇವ, ಬಿ.ಟಿ.ಎಂ. ಬಡಾವಣೆ, ರೇಷ್ಮೆ ಮಂಡಳಿಗಳನ್ನು ಹಾಯ್ದು ಬೊಮ್ಮಸಂದ್ರಕ್ಕೆ. ಊರಿಗೆ ಅದರಿಂದಾದ ಉಪಕಾರ ದೊಡ್ಡದು. ಆದರೆ ನಿಲ್ದಾಣದ ಸುತ್ತಲಿನ ಮನೆಗಳ ಬಾಡಿಗೆ ರೈಲು ಬರುವುದಕ್ಕೆ ಮೊದಲೇ ಹತ್ತಿ ಕುಳಿತಿರುತ್ತದೆ. ಶಕ್ತಿ ಯೋಜನೆ ಮೆಟ್ರೋಗೆ ಸಲ್ಲದು. ೨೦೨೫ರ ಫೆಬ್ರವರಿಯಲ್ಲಿ ಅದರ ಅತಿ ಹೆಚ್ಚಿನ ದರ ೬೦ ರೂಪಾಯಿಂದ ೯೦ಕ್ಕೇರಿತು. ರೈಲು ಬಂದು ದೂರ ಹೋದವಳು ಆ ರೈಲಿನಲ್ಲೇ ಹಿಂದಿರುಗಿ ಬರಲಾರಳು.

ಔಟ್‌ಹೌಸಿನ ಗತಿಯೂ ಇಂಥದೇ. ಹಿರಿಯರು ಹೋದ ಮೇಲೆ ಮಕ್ಕಳು ಹಳೆಯ ಮನೆಯನ್ನು ಕೆಡವಿ ಕಟ್ಟುವವನಿಗೆ ಪಾಲಿಗೆ ಕೊಡುತ್ತಾರೆ. ನಾಲ್ಕು ಅಂತಸ್ತು ಏಳುತ್ತದೆ. ಅಂತಸ್ತಿಗೊಂದು ಸಂಸಾರ, ಸಂಸಾರಕ್ಕೆ ಎರಡು ಕಾರು. ಕಾನೂನಿನಂತೆ ಅವಕ್ಕೆ ತಂಗುವ ಜಾಗ ಬಿಡಲೇಬೇಕು. ಹಿಂದೆ ಗಂಡ ಹೆಂಡತಿ ಇಬ್ಬರು ಮಕ್ಕಳು ಬಾಳುತ್ತಿದ್ದಷ್ಟು ನೆಲದಲ್ಲಿ ಈಗ ಒಂದು ಕಾರು ಮಲಗುತ್ತದೆ. ಕಾವಲುಗಾರನಿಗೆ ಮೆಟ್ಟಿಲ ಕೆಳಗೆ ಒಂದು ಮೂಲೆ ಸಿಕ್ಕಿದರೆ ಅದು ಅವನ ಪುಣ್ಯ.

ಕಾನೂನೇನೂ ಇಲ್ಲವೆ? ಇದೆ; ಓದಿದರೆ ನಗೆ ಬರುತ್ತದೆ. ಕರ್ನಾಟಕದಲ್ಲಿ ೧೯೬೧ರ ಬಾಡಿಗೆ ನಿಯಂತ್ರಣದ ಕಾನೂನಿಗೆ ಬದಲಾಗಿ ೧೯೯೯ರ ಕಾನೂನು ಬಂದಿತು. ಬೆಂಗಳೂರಿನಂಥ ಊರಿನಲ್ಲಿ ತಿಂಗಳಿಗೆ ೩,೫೦೦ ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆಗೆ ಅದರ ರಕ್ಷಣೆ ಇಲ್ಲ. ಇಂದು ಈ ಭಾಗದಲ್ಲಿ ಆ ಬಾಡಿಗೆಗೆ ದೊರಕುವ ಕೋಣೆಯನ್ನು ಹುಡುಕಿಕೊಂಡು ಹೊರಟವನಿಗೆ ದೇವರೇ ಗತಿ. ಅದಕ್ಕೆ ಮೀರಿದ ತಿಂಗಳ ಬಾಡಿಗೆದಾರನಿಗೆ ೧೮೮೨ರ ಸ್ವತ್ತು ವರ್ಗಾವಣೆ ಕಾನೂನಿನಂತೆ ಹದಿನೈದು ದಿನಗಳ ತಿಳಿವಳಿಕೆ ಕೊಟ್ಟರೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಅಲ್ಲಿಗೆ ಮುಗಿಯಿತು. ಇನ್ನು ಮುಂಗಡ: ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಬೆಂಗಳೂರಿನ ಹಳೆಯ ರೂಢಿ. ಕೇಂದ್ರಸರ್ಕಾರ ೨೦೨೧ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಕಾನೂನು ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಕೂಡದೆನ್ನುತ್ತದೆ.

ತಿಂಗಳ ಬಾಡಿಗೆಯ ಕಾಟ ಬೇಡವೆಂದು ಬಡವರೂ ಕೆಳಮಧ್ಯಮದವರೂ ಭೋಗ್ಯದ ಮನೆಯನ್ನು ಹಿಡಿಯುವುದುಂಟು. ಒಡವೆ ಮಾರಿ, ಚೀಟಿ ಎತ್ತಿ, ಊರಿನ ಹೊಲ ಅಡವಿಟ್ಟು ಕೆಲವು ಲಕ್ಷ ರೂಪಾಯಿಗಳನ್ನು ಯಜಮಾನನಿಗೆ ಕೊಟ್ಟು, ಎರಡೋ ಮೂರೋ ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಹಣ ಹಿಂದಕ್ಕೆ ಪಡೆಯುವುದು ಅದರ ಕ್ರಮ. ಯಜಮಾನ ಒಳ್ಳೆಯವನಾದರೆ ಇದಕ್ಕಿಂತ ಸುಖವಿಲ್ಲ. ಆದರೆ ಆ ಮನೆ ಬ್ಯಾಂಕಿನಲ್ಲಿ ಅಡವಿದ್ದು ಹರಾಜಿಗೆ ಬಂದರೆ, ಅಥವಾ ಕೆಡವಿ ಕಟ್ಟುವವನ ಕೈಗೆ ಹೋದರೆ, ಭೋಗ್ಯದವನು ತನ್ನ ಹಣಕ್ಕಾಗಿ ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. ಒಂದು ವರ್ಷಕ್ಕೆ ಮೀರಿದ ಅವಧಿಯ ಕರಾರು ನೋಂದಣಿಯಾಗಲೇಬೇಕೆಂದು ಕಾನೂನಿದೆ. ಖರ್ಚಿಗೆ ಅಂಜಿ ಛಾಪಾಕಾಗದದ ಮೇಲೆ ಬರೆದು ಮುಗಿಸುವವರೇ ಹೆಚ್ಚು.

ವಸತಿಯ ಜೊತೆಗೆ ಜೀವನೋಪಾಯವೂ ಸರಿಯುವುದನ್ನು ಜಯನಗರದ ನಾಲ್ಕನೆಯ ಬ್ಲಾಕಿನಲ್ಲಿ ನೋಡಬಹುದು. ೨೦೨೩ರ ಕೊನೆಯಲ್ಲಿ ಅಲ್ಲಿಯ ಪಾದಚಾರಿ ಮಾರ್ಗಗಳಿಂದ ಬೀದಿವ್ಯಾಪಾರಿಗಳನ್ನು ಎಬ್ಬಿಸಲಾಯಿತು. ನಡೆಯಲು ಜಾಗವಿಲ್ಲದೆ ರಸ್ತೆಗಿಳಿಯಬೇಕಾದ ವೃದ್ಧರ ದೂರು ಸುಳ್ಳಲ್ಲ. ಆದರೆ ೨೦೧೪ರ ಬೀದಿವ್ಯಾಪಾರಿಗಳ ಕಾನೂನು, ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಕೂಡದೆಂದೂ, ಬೇರೆಡೆಗೆ ಕಳುಹಿಸುವುದಾದರೆ ಮೂವತ್ತು ದಿನಗಳ ತಿಳಿವಳಿಕೆ ಕೊಡಬೇಕೆಂದೂ, ಇದನ್ನು ನಿರ್ಧರಿಸುವ ಸಮಿತಿಯಲ್ಲಿ ನೂರಕ್ಕೆ ನಲವತ್ತರಷ್ಟಾದರೂ ವ್ಯಾಪಾರಿಗಳೇ ಇರಬೇಕೆಂದೂ ಹೇಳುತ್ತದೆ. ಹೂವಿನವಳಿಗೂ ನಡೆಯುವವರಿಗೂ ಅಳೆದು ಗೆರೆ ಹಾಕಿಕೊಟ್ಟರೆ ಹಿಡಿಸದಷ್ಟು ಕಿರಿದಾದ ರಸ್ತೆಗಳೇನೂ ಜಯನಗರದಲ್ಲಿಲ್ಲ.

ನೆಲದ ಬೆಲೆ ಏರಿದ ಮೇಲೆ ಬಡವರು ಊರಂಚಿಗೆ ಹೋಗುವುದು ಪ್ರಕೃತಿನಿಯಮವೆಂದು ವಾದಿಸುವವರುಂಟು. ವಿಯೆನ್ನಾ ನಗರದವರು ಅದನ್ನು ಒಪ್ಪಲಿಲ್ಲ. ಮೊದಲನೆಯ ಮಹಾಯುದ್ಧದ ಅನಂತರ ಅಲ್ಲಿಯ ನಗರಸಭೆ ಕಾರ್ಮಿಕರಿಗಾಗಿ ತಾನೇ ಮನೆ ಕಟ್ಟತೊಡಗಿತು. ೧೯೩೦ರಲ್ಲಿ ತೆರೆದ ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ವಸತಿಯೊಂದೇ ಒಂದು ಕಿಲೋಮೀಟರಿಗಿಂತ ಉದ್ದವಿದೆ. ಇಂದು ಆ ಊರಿನ ಅರ್ಧದಷ್ಟು ಜನ ನಗರಸಭೆಯದೋ ಸಹಾಯಧನ ಪಡೆದ ಸಂಘಗಳದೋ ಮನೆಗಳಲ್ಲಿದ್ದಾರೆ. ಅಲ್ಲಿ ಇವು ಮಾರಾಟಕ್ಕಲ್ಲ, ಬಾಡಿಗೆಗೆ. ನಮ್ಮಲ್ಲಿ ಬಡವನಿಗೆ ಮನೆಯೆಂದರೆ ಊರಾಚೆ ಒಂದು ಸ್ವಂತಮನೆ ಎಂಬ ಭಾವನೆ ಬೇರೂರಿದೆ. ಬೈರಸಂದ್ರದ ಕೋಣೆಯಲ್ಲಿದ್ದವಳು ಕೇಳುತ್ತಿದ್ದುದು ಅದಲ್ಲ. ಐದು ವರ್ಷ ಯಾರೂ ಎಬ್ಬಿಸದ ಒಂದು ಬಾಡಿಗೆಯ ಕೋಣೆ, ಅಲ್ಲಿಯೇ.

ಬೆಂಗಳೂರಿನ ಒಂದು ನಗರಪಾಲಿಕೆ ೨೦೨೫ರಲ್ಲಿ ಐದಾಯಿತು. ಗ್ರಾಮಠಾಣೆಗಳಲ್ಲಿ ಬಾಡಿಗೆಯ ಕೋಣೆಗಳನ್ನು ಉಳಿಸಿಕೊಳ್ಳುವ ಯಜಮಾನನಿಗೆ ಕಂದಾಯದಲ್ಲಿ ರಿಯಾಯಿತಿ ಕೊಡುವುದಾಗಲಿ, ಮೆಟ್ರೋ ನಿಲ್ದಾಣಗಳ ಬಳಿಯ ಸರ್ಕಾರಿ ನೆಲದಲ್ಲಿ ಬಾಡಿಗೆಯ ವಸತಿ ಕಟ್ಟುವುದಾಗಲಿ ಈ ಹೊಸ ಪಾಲಿಕೆಗಳು ಯೋಚಿಸಬೇಕಾದ ಕೆಲಸ. ಅದಕ್ಕೆ ಕಾಲ ಹಿಡಿಯುತ್ತದೆ.

ಗೃಹಸ್ಥರ ಕೈಯಲ್ಲಿರುವುದು ಇನ್ನೂ ಸಣ್ಣದು. ಮನೆಗೆಲಸದವಳು ಭೋಗ್ಯದ ಕಾಗದವನ್ನು ತಂದು "ಸ್ವಲ್ಪ ಓದಿ ಹೇಳಿ ಅಮ್ಮಾವ್ರೇ" ಎಂದಾಗ, ಹಣ ಕೊಡುವ ಮೊದಲೇ ಉಪನೋಂದಣಾಧಿಕಾರಿಯ ಕಚೇರಿಯಿಂದ ಆ ಮನೆಯ ಋಣಭಾರ ಪತ್ರ ತೆಗೆಸುವಂತೆಯೂ, ಕರಾರನ್ನು ನೋಂದಾಯಿಸುವಂತೆಯೂ, ಹಣವನ್ನು ಬ್ಯಾಂಕಿನ ಮೂಲಕವೇ ಕೊಡುವಂತೆಯೂ ಹೇಳಬಹುದು. ಮನೆಯನ್ನು ಕೆಡವಿ ಕಟ್ಟಿಸುವವರು ನಕ್ಷೆ ಬರೆಯುವವನೊಡನೆ ಕಾರಿನ ಮಾತಾಡುವಾಗ ಒಂದು ಕೋಣೆಯ ಮಾತನ್ನೂ ಆಡಬಹುದು. ಹಿತ್ತಲ ಕೋಣೆಯವರನ್ನು ಬಿಡಿಸಲೇಬೇಕಾದರೆ, ಕಾನೂನಿನ ಹದಿನೈದು ದಿನವನ್ನು ಮರೆತು, ಮಕ್ಕಳ ಪರೀಕ್ಷೆ ಮುಗಿಯುವ ತನಕ ಕಾದು, ಬೇಸಗೆಯ ರಜೆಯಲ್ಲಿ ಬಿಡಿಸಬಹುದು. ಜೂನ್ ತಿಂಗಳಿಗೆ ಮುಂಚೆ ಹೊಸ ಕಡೆಯ ಶಾಲೆಯಲ್ಲಿ ಮಗುವಿನ ಹೆಸರು ಹಚ್ಚಿಸಲು, ಪಡಿತರ ಚೀಟಿಯ ವಿಳಾಸ ಬದಲಾಯಿಸಲು, ಮುಂಗಡದ ಹಣವನ್ನು ಹಿಂದಕ್ಕೆ ಪಡೆದು ಇನ್ನೊಂದು ಕೋಣೆ ಹುಡುಕಲು ಅವರಿಗೆ ಅಷ್ಟು ದಿನವಾದರೂ ಬೇಕು.